ಬಲ್ಬ್ ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಏನೇನು ನೋಡಬೇಕು?

ಬಲ್ಬ್ ಕೊಳ್ಳುವಾಗ ನಾವೆಲ್ಲ ಕೇಳುವುದು ವಾಟ್ ಲೆಕ್ಕದಲ್ಲಿ. ಆದರೆ ವಾಟ್ ಹೇಳುವುದು ಬಲ್ಬ್ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದನ್ನು ಮಾತ್ರ. ಎಷ್ಟು ಬೆಳಕು ಬರುತ್ತದೆ ಎಂದು ತಿಳಿಯಬೇಕಾದರೆ ಲ್ಯೂಮೆನ್ ನೋಡಬೇಕು. ಡಬ್ಬಿಯ ಮೇಲೆ ಅದು ಸಣ್ಣ ಅಕ್ಷರದಲ್ಲಿದ್ದರೂ ಹುಡುಕಿ ಓದಿ.

ಮೊದಲು ಹೋಲ್ಡರ್ ನೋಡಿ

ಎರಡು ಪಿನ್ ಇದ್ದು, ಒತ್ತಿ ತಿರುಗಿಸುವಂಥದ್ದು ಬಿ22. ತಿರುಪಿನಂತೆ ಸುತ್ತಿ ಹಾಕುವಂಥದ್ದು ಇ27, ಅದರದೇ ಸಣ್ಣ ರೂಪ ಇ14. ಈ ಅಂಕಿಗಳು ಬಲ್ಬಿನ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ಅನುಮಾನ ಇದ್ದರೆ ಹಳೆಯ ಬಲ್ಬನ್ನೇ ಜೊತೆಗೆ ಒಯ್ಯಿರಿ.

ಯಾವ ಜಾತಿಯ ಬಲ್ಬ್?

ಹಳೆಯ ಬಲ್ಬಿನೊಳಗೆ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ಅದು ಎಳೆಯುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಹೋಗುತ್ತದೆ. ಆಯಸ್ಸು ಸುಮಾರು 1,000 ಗಂಟೆ. ಹ್ಯಾಲೊಜೆನ್ ಕೂಡ ತಂತಿಯದೇ. ಒಳಗಿನ ಅನಿಲ ಆವಿಯಾದ ಟಂಗ್‌ಸ್ಟನ್ನನ್ನು ತಂತಿಗೇ ಮರಳಿಸುವುದರಿಂದ ಸ್ವಲ್ಪ ಜಾಸ್ತಿ ದಿನ ಬಾಳುತ್ತದೆ. ಪುಟ್ಟ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆಯಂಶ ಅಂಟಿದ ಜಾಗ ವಿಪರೀತ ಕಾದು ಗಾಜು ಒಡೆಯಬಹುದು.

ಸಿಎಫ್ಎಲ್ ಎಂದರೆ ಮಡಚಿದ ಟ್ಯೂಬ್‌ಲೈಟ್. ಪೂರ್ತಿ ಬೆಳಗಲು ತುಸು ಹೊತ್ತು ಬೇಕು.

ಈಗ ಮನೆಗೆ ಕೊಳ್ಳುವುದಾದರೆ ಎಲ್ಇಡಿಯನ್ನೇ ಕೊಳ್ಳಿ. ಹಳೆಯ 60 ವಾಟ್ ಬಲ್ಬ್ ಕೊಡುತ್ತಿದ್ದ 700–800 ಲ್ಯೂಮೆನ್ ಬೆಳಕನ್ನು ಇದು 8–9 ವಾಟ್‌ನಲ್ಲೇ ಕೊಡುತ್ತದೆ. ಇಂಥ ಬಿಳಿ ಬೆಳಕು ಸಾಧ್ಯವಾದದ್ದು ನೀಲಿ ಎಲ್ಇಡಿಯಿಂದ. ನೀಲಿ ಬೆಳಕು ಹಳದಿ ಲೇಪದ ಮೂಲಕ ಹಾದು ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್ಇಡಿಯನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು.

ಬೆಳಕಿನ ಬಣ್ಣ

ಹೆಚ್ಚಿನವರು ಎಡವುವುದು ಇಲ್ಲೇ. ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2,700–3,000 ಅಂದರೆ ಹಳದಿ ಛಾಯೆ, ಮಲಗುವ ಕೋಣೆಗೆ ಹಿತ. 4,000 ಸಮನಾದ ಬಿಳಿ, ಅಡುಗೆಮನೆಗೂ ಓದುವ ಮೇಜಿಗೂ ಒಪ್ಪುತ್ತದೆ. 6,500 ನೀಲಿ ಬೆರೆತ ಬಿಳುಪು. ರಾತ್ರಿ ಮಲಗುವ ಹೊತ್ತಿನಲ್ಲಿ ಇಂಥ ಬೆಳಕು ನಿದ್ದೆ ಕೆಡಿಸಬಹುದು. ಎಲ್ಲಾ ಕೋಣೆಗೂ ಸುಮ್ನೆ ಒಂದೇ ಬಣ್ಣ ತಂದು ಹಾಕಬೇಡಿ.

ಜೊತೆಗೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆ ಅದು. 100 ಅತಿ ಹೆಚ್ಚು, 80 ಇದ್ದರೆ ಮಾಮೂಲಿ ಕೆಲಸಕ್ಕೆ ಸಾಕು. ಕನ್ನಡಿಯ ಮುಂದೆ, ಬಟ್ಟೆ ಆರಿಸುವಲ್ಲಿ 90 ದಾಟಿದ್ದನ್ನೇ ಹಾಕಿ. ಕಡಿಮೆ ಇದ್ದರೆ ಕೆಂಪು ಬಣ್ಣಗಳು ಕಳೆಗುಂದಿ, ಮುಖವೂ ಬಾಡಿದಂತೆ ಕಾಣುತ್ತದೆ.

ಎಲ್ಲಿ ಹಾಕುತ್ತೀರಿ?

ಎಲ್ಇಡಿಯ ಶತ್ರು ಬಿಸಿ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಿದರೆ ಬುಡದಲ್ಲಿರುವ ಸರ್ಕ್ಯೂಟ್ ಕಾದು ಬೇಗ ಕೆಡುತ್ತದೆ. ಅಂಥ ಜಾಗಕ್ಕೆ ಆಗುತ್ತದೆ ಎಂದು ಬರೆದಿರುವುದನ್ನೇ ಆರಿಸಿ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಡಿಮ್ ಆಗುವ ಬಲ್ಬೇ ಬೇಕು, ಇಲ್ಲದಿದ್ದರೆ ಮಿಣುಕುತ್ತದೆ. ಹೊಸ ಬಲ್ಬ್ ಉರಿಸಿ ಫೋನಿನ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಕಣ್ಣಿಗೆ ಕಾಣದ ಮಿಣುಕು ಇದೆ ಎಂದರ್ಥ. ಓದುವ ಜಾಗಕ್ಕೆ ಅದು ಬೇಡ.

ಕಳಚುವಾಗ ಎಚ್ಚರ

ಸ್ವಿಚ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆಯೇ ಕೈ ಹಾಕಿ. ಸಿಎಫ್ಎಲ್‌ನಲ್ಲಿ ಒಂದಿಷ್ಟು ಪಾದರಸ ಇರುತ್ತದೆ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು ಹತ್ತು ನಿಮಿಷ ಬಿಡಿ. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬೇಡ, ಪಾದರಸ ಇನ್ನಷ್ಟು ಹರಡುತ್ತದೆ. ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳ ಇರುವ ಗಾಜಿನ ಜಾಡಿಗೆ ಹಾಕಿ. ಆ ಜಾಡಿಯನ್ನು ಮನೆಯ ಕಸದ ಜೊತೆ ಸೇರಿಸದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.