ಸ್ಮಾರಕಕ್ಕೆ ಬೆಲೆ ಕಟ್ಟುವ ಕೆಲಸ: ನನ್ನ ಅನುಭವ

ಹಳೆಯ ಕಟ್ಟಡಗಳಿಗೆ, ಸ್ಮಾರಕಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಮಾರುವುದಕ್ಕಲ್ಲ. ಪಕ್ಕದಲ್ಲಿ ರಸ್ತೆ ಬರುವಾಗ, ದುರಸ್ತಿಗೆ ಅನುದಾನ ಕೇಳುವಾಗ ಒಂದು ಲೆಕ್ಕ ಬೇಕಾಗುತ್ತದೆ. ಆ ಹಾಳೆಯಲ್ಲಿ ಸಿಮೆಂಟಿಗೂ ಒಂದು ಅಂಕಿ ಇರುತ್ತದೆ, ಸ್ಮಾರಕದ ಎದುರು ಮಾತ್ರ ಖಾಲಿ. ಖಾಲಿ ಬಿಟ್ಟರೆ ಸೊನ್ನೆ ಅಂತಲೇ ಓದುತ್ತಾರೆ. ಅದನ್ನು ನೋಡಿಕೊಂಡು ಸುಮ್ನಿರಲು ನನಗಾಗುವುದಿಲ್ಲ.

ನೋಡಲು ಬರುವವರ ಲೆಕ್ಕ ಸುಲಭ. ಎಲ್ಲಿಂದ ಬಂದರು, ದಾರಿ ಖರ್ಚೆಷ್ಟು, ಎಷ್ಟು ಹೊತ್ತು ಹಿಡಿಯಿತು ಅಂತ ಕೇಳುತ್ತೇನೆ. 1947ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಸೂಚಿಸಿದ ದಾರಿ ಇದು. ಆದರೆ ಯಾವತ್ತೂ ಬರದೆ, ‘ಅದು ಉಳಿದಿದ್ರೆ ಸಾಕು’ ಅನ್ನುವವರೂ ಇದ್ದಾರೆ ಅಲ್ವಾ? ಅವರ ಮನೆ ಬಾಗಿಲಿಗೇ ಹೋಗಬೇಕು.

ಅಲ್ಲಿ ‘ಎಷ್ಟು ಕೊಡ್ತೀರಿ?’ ಅಂತ ನಾನು ಕೇಳುವುದಿಲ್ಲ. ಬಾಯಿಗೆ ಬಂದ ಮೊತ್ತ ಹೇಳಿಬಿಡುತ್ತಾರೆ. ‘ದುರಸ್ತಿಗಾಗಿ ನಿಮ್ಮ ತೆರಿಗೆ ವರ್ಷಕ್ಕೆ ಇಷ್ಟು ಜಾಸ್ತಿ ಆಗುತ್ತೆ. ಒಪ್ತೀರಾ, ಇಲ್ವಾ?’ ಅಂತ ಕೇಳುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಮೊತ್ತ. ಮೊತ್ತ ಏರಿದ ಹಾಗೆ ‘ಹೂಂ’ ಅನ್ನುವವರು ಎಷ್ಟು ಕಮ್ಮಿಯಾಗುತ್ತಾರೆ ನೋಡಿ ಲೆಕ್ಕ ಹಾಕುತ್ತೇನೆ. ಆ ಹಣ ಬೇರೆ ಖರ್ಚಿಗೆ ಸಿಗುವುದಿಲ್ಲ ಅಂತ ಮೊದಲೇ ನೆನಪಿಸುತ್ತೇನೆ. ತೈಲ ಸೋರಿಕೆಯ ನಷ್ಟ ಅಳೆಯುವ ವಿಚಾರದಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೊ ಮುಂದಾಳತ್ವದ ಅಮೆರಿಕದ ಸಮಿತಿ 1993ರಲ್ಲಿ ಇದೇ ಸಲಹೆ ಕೊಟ್ಟಿತ್ತು.

ಒಬ್ಬ ಅಜ್ಜಿ ‘ಒಪ್ಪಲ್ಲ’ ಅಂದರು. ‘ಯಾಕಜ್ಜಿ?’ ಅಂದೆ. ‘ನಮ್ಮ ಹಿರಿಯರು ಕಟ್ಟಿದ್ದು. ಅದನ್ನ ಉಳಿಸೋದು ಸರ್ಕಾರದ ಕೆಲಸ ಅಲ್ವಾ? ನನ್ನ ಹತ್ರ ಯಾಕೆ ದುಡ್ಡು ಕೇಳ್ತೀರಿ?’ ಇದನ್ನು ಸೊನ್ನೆ ಅಂತ ಬರೆದುಕೊಂಡರೆ ಆ ಅಜ್ಜಿಗೆ ಸ್ಮಾರಕ ಬೇಡವೇ ಬೇಡ ಅಂತಾಗುತ್ತದೆ. ಎಷ್ಟು ದೊಡ್ಡ ಅನ್ಯಾಯ! ಇಂಥ ಉತ್ತರಗಳನ್ನು ಲೆಕ್ಕದಿಂದ ಕೈಬಿಡುವ ರೂಢಿಯೂ ಇದೆ. ನಾನು ಬೇರೆಯಾಗಿ ಎಣಿಸಿ, ಅವರದೇ ಮಾತಿನ ಜೊತೆ ವರದಿಯ ಮೊದಲ ಪುಟದಲ್ಲೇ ಹಾಕುತ್ತೇನೆ.

ಇನ್ನೊಂದು ತೊಡಕು ನನ್ನನ್ನು ತುಂಬ ಕಾಡುತ್ತದೆ. ಒಪ್ಪುವ ಮೊತ್ತ ಜೇಬಿನ ಮೇಲೂ ನಿಂತಿರುತ್ತದೆ. ಬಡವರ ಪ್ರೀತಿ ಲೆಕ್ಕದಲ್ಲಿ ಸಣ್ಣದಾಗಿಯೇ ಕಾಣುತ್ತದೆ. ಹಾಗಾಗಿ ಆದಾಯದ ಪ್ರಕಾರ ಬೇರೆ ಬೇರೆ ಅಂಕಿ ಕೊಡುತ್ತೇನೆ, ಬರೀ ಸರಾಸರಿ ಕೊಡುವುದಿಲ್ಲ.

ದುರಸ್ತಿಗೆ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಈ ಅಂಕಿ ನಿಜಕ್ಕೂ ನೆರವಾಗುತ್ತದೆ. ಕೆಡವಬೇಕೋ ಬೇಡವೋ ಅನ್ನುವುದಕ್ಕೆ ಇದನ್ನು ಬಳಸಬಾರದು. ಮುಂದೆ ಹುಟ್ಟುವವರನ್ನು ನಾವು ಕೇಳಿಯೇ ಇಲ್ಲ. ಈ ಷರತ್ತನ್ನು ವರದಿಯಲ್ಲಿ ಅಂಕಿಯ ಕೆಳಗೇ ಬರೆಯುತ್ತೇನೆ. ಆ ಷರತ್ತು ತೆಗೆಯಿರಿ ಅಂದವರಿಗೆ ವರದಿ ಕೊಟ್ಟಿಲ್ಲ.