ಪ್ರವಾಸ ಅನುದಾನ ಹಿಡಿದು ಮುಂಬೈ ಪತ್ರಾಗಾರದಲ್ಲಿ: ನನ್ನ ಅನುಭವ

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ 1956ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಹಾಗಾಗಿ ಇವುಗಳ ಹತ್ತೊಂಬತ್ತನೇ ಶತಮಾನದ ಇತಿಹಾಸ ಬರೆಯುವವರು ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ಮೆಟ್ಟಿಲು ಹತ್ತಲೇಬೇಕು. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಯನ-ಪ್ರವಾಸ ಅನುದಾನ ಇಂಥ ಕೆಲಸಕ್ಕೇ ಇರುವುದು.

ಅರ್ಜಿಯಲ್ಲಿ ‘ಉತ್ತರ ಕನ್ನಡದ ಇತಿಹಾಸ’ ಎಂದಷ್ಟೇ ಬರೆದರೆ ಕೆಲಸ ಆಗುವುದಿಲ್ಲ. ‘ಕಂದಾಯ ವಿಭಾಗ, 1862–1875, ಕಾರವಾರ ಬಂದರು’ ಎನ್ನುವಷ್ಟು ಬಿಗಿ ಇರಬೇಕು. 1862 ಯಾಕೆಂದರೆ, ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈಗೆ ಸೇರಿಸಿದ್ದು ಆ ವರ್ಷ. ಧಾರವಾಡದ ಹತ್ತಿ ಸಾಗಿಸಲು ಕಾರವಾರ ಬಂದರು ತಮ್ಮ ಕೈಗೆ ಬರಲೆಂದು ವ್ಯಾಪಾರಿಗಳು ಒತ್ತಾಯಿಸಿದ್ದರು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. 1862ಕ್ಕೂ ಹಿಂದಿನ ಕಡತ ಬೇಕಿದ್ದರೆ ಚೆನ್ನೈಗೆ ಹೋಗಬೇಕು. ಇದನ್ನು ಗಮನಿಸದೆ ಟಿಕೆಟ್ ಮಾಡಿಸಿದವರ ಹಣ ತಪ್ಪು ಊರಲ್ಲಿ ಕರಗುತ್ತದೆ.

ಸಂಸ್ಥೆಯ ಪರಿಚಯ ಪತ್ರ, ಗುರುತಿನ ಚೀಟಿ, ಫೋಟೊ ಜೊತೆಗಿರಲಿ. ಬೇಡಿಕೆ ಚೀಟಿಯಲ್ಲಿ ವಿಭಾಗ, ವರ್ಷ, ಸಂಪುಟ, ಕಂಪೈಲೇಶನ್ (ಸಂಪುಟದೊಳಗಿನ ಒಂದು ವಿಷಯದ ಕಾಗದಗಳ ಕಟ್ಟು) ಸಂಖ್ಯೆ ನಾಲ್ಕೂ ಬೇಕು. ಒಂದು ತಪ್ಪಿದರೂ ಚೀಟಿ ವಾಪಸ್. ಕಾಗದ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ಕಡತ ಕೊಡುವುದಿಲ್ಲ. ಅದಕ್ಕೇ ಬೇಕಾದ್ದರ ಎರಡರಷ್ಟು ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ನಕಲಿನ ಅನುಮತಿಗೆ ಸಮಯ ಹಿಡಿಯುತ್ತದೆ, ಆ ಅರ್ಜಿ ಮೊದಲ ದಿನವೇ ಹೋಗಬೇಕು. ಗಣೇಶೋತ್ಸವದ ವಾರ ಬರಬೇಡಿ. ವಾಸಕ್ಕೆ ಮಾಟುಂಗಾ ಒಳ್ಳೆಯದು: ನಮ್ಮ ಊಟ, ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ನೇರ ಲೋಕಲ್.

ಮುಂದಿನ ವೃತ್ತಿಗೆ ದಾರಿಯಾಗುವುದು ಓದಿದ ಕಡತಕ್ಕಿಂತ ಓದದೆ ಬಿಟ್ಟವುಗಳ ಪಟ್ಟಿ. ದಿನದ ಕೊನೆಯ ಅರ್ಧ ಗಂಟೆ, ತರಿಸಿಕೊಂಡ ಸಂಪುಟದ ಉಳಿದ ಕಂಪೈಲೇಶನ್‌ಗಳ ಶೀರ್ಷಿಕೆ ಮತ್ತು ಸಂಖ್ಯೆ ಮಾತ್ರ ಬರೆದುಕೊಳ್ಳುತ್ತೇನೆ. ಬಂದರು ಹುಡುಕುವಾಗಲೇ ಅಡಿಕೆ ತೋಟದವರ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡಿನ) ತಕರಾರು, ಉಪ್ಪಿನ ಸುಂಕ, ಶಾಲೆಗಳ ಕಾಗದ ಕಣ್ಣಿಗೆ ಬೀಳುತ್ತವೆ. ನನ್ನ ನಂತರದ ಲೇಖನಗಳೂ ದೊಡ್ಡ ಯೋಜನೆಯ ಅರ್ಜಿಯೂ ಹುಟ್ಟಿದ್ದು ಈ ಪಟ್ಟಿಯಿಂದಲೇ. ಸಂಪುಟ ಸಂಖ್ಯೆ ಸಮೇತ ಕೇಳುವವರನ್ನು ಆಯ್ಕೆ ಸಮಿತಿ ಬೇರೆ ಕಣ್ಣಿಂದ ನೋಡುತ್ತದೆ.

ಪುಣೆಯ ಪೇಶ್ವೆ ದಫ್ತರಕ್ಕೆ, ಅಂದರೆ ಪೇಶ್ವೆಗಳ ಆಡಳಿತದ ಕಡತ ಸಂಗ್ರಹಕ್ಕೆ, ಮರಾಠಿಯ ಹಳೆಯ ಬರಹವಾದ ಮೋಡಿ ಲಿಪಿ ಬೇಕು. ಅದನ್ನು ಕಲಿತೇ ಹೋಗಿ. ನಮ್ಮಲ್ಲಿ ಮೋಡಿ ಓದುವವರು ಕಡಿಮೆ, ಹಾಗಾಗಿ ಇದೊಂದು ವಿದ್ಯೆಗೇ ಸಂಪಾದಕರು, ಪಿಎಚ್‌.ಡಿ. ವಿದ್ಯಾರ್ಥಿಗಳು ಹುಡುಕಿಕೊಂಡು ಬರುತ್ತಾರೆ.

ಲೆಕ್ಕ ಒಪ್ಪಿಸದವರಿಗೆ ಎರಡನೇ ಅನುದಾನ ಕನಸು. ಬಳಕೆ ಪ್ರಮಾಣಪತ್ರಕ್ಕೆ ಜಿಎಫ್‌ಆರ್ (ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆ ಕೇಳುತ್ತಾರೆ, ಮೂಲ ರಸೀದಿಗಳ ಜೊತೆಗೆ. ಲಾಡ್ಜು, ಬಸ್ಸಿನವರು ಕೊಡುವ ನುಣುಪು ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತದೆ. ಅದೇ ದಿನ ಝೆರಾಕ್ಸ್ ಮಾಡಿಸಿ ಮೂಲದ ಬೆನ್ನಿಗೆ ಪಿನ್ ಹೊಡೆಯಿರಿ.