ಮೊಬೈಲ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿ

ನಡುರಾತ್ರಿ ಎರಡು ಗಂಟೆಗೆ ನೀರು ಕುಡಿಯಲೆಂದು ಎದ್ದಾಗ ತಮ್ಮನ ಮುಖದ ಮೇಲೆ ಮೊಬೈಲಿನ ಬೆಳಕು ಬಿದ್ದಿತ್ತು. ಹೆಬ್ಬೆರಳು ಮೇಲಕ್ಕೆ ಸರಿಯುತ್ತಲೇ ಇತ್ತು. ಯಾವ ವಿಡಿಯೊದ ಮೇಲೂ ಕಣ್ಣು ನಿಲ್ಲುತ್ತಿರಲಿಲ್ಲ. ಏನು ನೋಡುತ್ತಿದ್ದೀಯ ಎಂದು ಕೇಳಿದೆ. “ಗೊತ್ತಿಲ್ಲ ಅಕ್ಕಾ, ಬಿಡುವುದಕ್ಕೆ ಆಗುತ್ತಿಲ್ಲ” ಎಂದ.

ಮರುದಿನ ಮೊಬೈಲನ್ನು ಕಿತ್ತಿಟ್ಟುಕೊಂಡೆ. ತಪ್ಪು ಮಾಡಿದೆ. ಮೂರು ದಿನ ಅವನು ನನ್ನೊಂದಿಗೆ ಮಾತೇ ಆಡಲಿಲ್ಲ, ಅವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ದಾರಿಯೂ ಮುಚ್ಚಿತು. ನೀವು ಹಾಗೆ ಮಾಡಬೇಡಿ.

ಗಂಟೆಗಳ ಲೆಕ್ಕ ಹಿಡಿದು ಜಗಳವಾಡುವುದೂ ಬೇಡ. ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಕುರಿತ ಅಧ್ಯಯನವೊಂದು 2025ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಆತ್ಮಹತ್ಯೆಯ ಯೋಚನೆಯೊಂದಿಗೆ ನಂಟು ಕಂಡದ್ದು ಮೊಬೈಲ್ ನೋಡಿದ ಒಟ್ಟು ಹೊತ್ತಿಗಲ್ಲ, ಬಿಡಬೇಕೆಂದರೂ ಬಿಡಲಾಗದ ಗೀಳಿಗೆ. ನಂಟಿದೆ ಎಂದ ಮಾತ್ರಕ್ಕೆ ಅದೇ ಕಾರಣವೆಂದಲ್ಲ. ನೊಂದ ಮನಸ್ಸೂ ಮೊಬೈಲಿನಲ್ಲಿ ಆಸರೆ ಹುಡುಕುತ್ತದೆ. ಹಾಗಾಗಿ ಮೊಬೈಲ್ ಕೆಳಗಿಟ್ಟ ಮೇಲೆ ನಿಮ್ಮ ಮನೆಯ ಮಕ್ಕಳ ಮುಖ ಹೇಗಿರುತ್ತದೆ ಎಂಬುದನ್ನು ನೋಡಿ.

ನಮಗೆ ನೆರವಾದದ್ದು ಒಂದು ಹಾಳೆ. ಮೊಬೈಲ್ ಕೆಳಗಿಟ್ಟ ಕೂಡಲೇ ತಲೆಯಲ್ಲಿ ಓಡುವ ಒಂದು ವಾಕ್ಯವನ್ನು ಬರೆಯಲು ಹೇಳಿದೆ. “ಎಲ್ಲರೂ ಮುಂದೆ ಹೋದರು, ನಾನೊಬ್ಬನೇ ಉಳಿದೆ” ಎಂದು ಬರೆದ. ಎಲ್ಲರೂ ಎಂದರೆ ಯಾರು, ಹೆಸರು ಬರೆ ಎಂದೆ. ಎರಡು ಹೆಸರು ಬಂದವು. ಅವನ ದುಃಖ ಸುಳ್ಳೆಂದು ನಾನು ಹೇಳಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಆ ಎರಡು ಹೆಸರುಗಳನ್ನು ಅವನೇ ಬಹಳ ಹೊತ್ತು ನೋಡಿದ.

ರಾತ್ರಿ ಮೊಬೈಲ್‌ಗಳು ಕೋಣೆಯ ಹೊರಗಿರಲಿ, ನಿಮ್ಮದೂ ಸಹ. ಎಚ್ಚರಿಸಲು ಅಲಾರಂ ಗಡಿಯಾರ ಸಾಕು. ವಿಡಿಯೊ ತಾನಾಗಿ ಓಡುವ ಸೌಲಭ್ಯವನ್ನೂ ನೋಟಿಫಿಕೇಶನ್‌ಗಳನ್ನೂ ಇಬ್ಬರೂ ಕೂಡಿ ನಿಲ್ಲಿಸಿ. ನಿದ್ದೆಗೆಟ್ಟವರಿಗೆ ಕತ್ತಲ ಯೋಚನೆಗಳು ಇನ್ನಷ್ಟು ಭಾರವಾಗುತ್ತವೆ.

ಇನ್ನು ಬಾಯಿಗೆ ಬಾರದ ಪ್ರಶ್ನೆ. “ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ” ಎಂಬಂಥ ಮಾತು ಕೇಳಿದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, “ಸಾಯಬೇಕು ಎನಿಸುತ್ತಿದೆಯೇ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಉತ್ತರ ಬರುವವರೆಗೆ ಸುಮ್ಮನಿರಿ; ಗದರಬೇಡಿ, ಆಣೆ ಹಾಕಿಸಬೇಡಿ, ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಪಾಯವಾಗಬಹುದಾದ ವಸ್ತುಗಳನ್ನು ದೂರವಿಡಿ, ಮನೋವೈದ್ಯರ ಬಳಿಗೆ ಜೊತೆಯಲ್ಲೇ ಹೋಗಿ. ಈಗಲೇ ಏನಾದರೂ ಮಾಡಿಕೊಳ್ಳಬಹುದು ಎನಿಸಿದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಓದುತ್ತಿರುವ ನಿಮಗೇ ಹಾಗೆನಿಸುತ್ತಿದ್ದರೆ, ಆ ಸಂಖ್ಯೆ ನಿಮಗಾಗಿಯೂ ಇದೆ.

ಆ ಸಹಾಯವಾಣಿಗೆ ಮೊದಲ ಕರೆಯನ್ನು ನಾನೇ ಮಾಡಿದೆ. ತಮ್ಮ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ನಾನು ತಡವರಿಸುತ್ತಾ ಹೇಳುವುದನ್ನು ಸ್ವಲ್ಪ ಹೊತ್ತು ಕೇಳಿ, ಕೈ ಚಾಚಿ, “ಕೊಡು ಅಕ್ಕಾ, ನಾನೇ ಮಾತನಾಡುತ್ತೇನೆ” ಎಂದ.